ಎರಡನೆಯ ಲೋಟದ ನೀರು

ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ, ಸಂಡೂರಿನ ಕಬ್ಬಿಣದ ಅದಿರಿನ ಲಾರಿಗಳ ರಸ್ತೆಯ ಪಕ್ಕದ ಒಂದು ಶಾಲೆಗೆ ಹೋಗಿದ್ದೆ. ಗಿಡದೊಳಗೆ ನೀರು ಹೇಗೆ ಏರುತ್ತದೆಂಬುದನ್ನು ಮಕ್ಕಳಿಗೆ ತೋರಿಸಬೇಕಿತ್ತು. ನಾನು ಕಾಲೇಜಿನಲ್ಲಿ ನೂರಾರು ಸಲ ಮಾಡಿಸಿದ್ದ ಪ್ರಯೋಗ.

ಬಿಸಿಯೂಟದ ಅಡುಗೆಯ ಗಂಗಮ್ಮನ ಕೈಗೆ ಕೆಂಪು ಮಸಿ ಕೊಟ್ಟು, ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದಕ್ಕೆ ಮಾತ್ರ ನಾಲ್ಕು ಹನಿ ಹಾಕಿ ತರಲು ಹೇಳಿದೆ. ತಂದಿಟ್ಟಾಗ ಎರಡೂ ಕೆಂಪಗಿದ್ದವು.

"ಒಂದಕ್ಕೆ ಎಂದರೆ ಒಂದಕ್ಕೇ. ಅಷ್ಟೂ ತಿಳಿಯುವುದಿಲ್ಲವೇ?" ಎಂದು ಮಕ್ಕಳೆದುರೇ ಗದರಿ, ಎರಡನೆಯ ಲೋಟದ ನೀರನ್ನು ಕಿಟಕಿಯಾಚೆ ಚೆಲ್ಲಿದೆ.

"ಅದಕ್ಕ ಮಸಿ ಹಾಕಿಲ್ರೀ ಮೇಡಮ್ಮಾರ," ಎಂದಳು ಗಂಗಮ್ಮ ಮೆಲ್ಲಗೆ. "ನಾವು ಕುಡಿಯೋ ನೀರ ಹಂಗೈತ್ರಿ, ಅದಿರಿನ ಧೂಳು. ನಿಮಗಂತ ಎರಡು ಸಲ ಸೋಸಿದ್ದೆ."

ಚೀಲದಿಂದ ನನ್ನ ನೀರಿನ ಬಾಟಲಿ ತೆಗೆದು ಬರಿದಾದ ಲೋಟವನ್ನು ತುಂಬಿಸಿ, ಎರಡರಲ್ಲೂ ಕರ್ಣಕುಂಡಲದ ಒಂದೊಂದು ಗಿಡವಿಟ್ಟು ಪಾಠ ಮುಂದುವರಿಸಿದೆ. ಮಸಿಯ ಲೋಟದ ಗಿಡದ ಕಾಂಡದಲ್ಲಿ ಕೆಂಪು ಗೆರೆಗಳು ಅಚ್ಚುಕಟ್ಟಾಗಿ ಏರಿದವು.

ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗಂಗಮ್ಮನಿಗೆ ಕೊಡಬಹುದಿತ್ತೆಂದು ನನಗೆ ಹೊಳೆದದ್ದು ಹೊಸಪೇಟೆ ಮುಟ್ಟಿದ ಮೇಲೆ. ಅಷ್ಟರಲ್ಲಿ ಅದನ್ನೂ ನಾನೇ ಕುಡಿದು ಮುಗಿಸಿದ್ದೆ.