ಅರ್ಧ ಉರಿದ ಇದ್ದಿಲು

ನಾನು ಅವರನ್ನು ಮೊದಲು ಕಂಡ ದಿನ ಅವರ ಹುಬ್ಬುಗಳು ಸುಟ್ಟುಹೋಗಿದ್ದವು. ಆ ಕಟ್ಟಡದ ಮೂರನೆಯ ಮಹಡಿಗೆ ಬಾಡಿಗೆಗೆ ಬಂದು ನನಗೆ ಎರಡೇ ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋದರೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಸೊಂಟದೆತ್ತರದ, ಹಸಿರು ಬಣ್ಣದ ದೊಡ್ಡ ಮೊಟ್ಟೆಯಂಥದೊಂದು ನಿಂತಿತ್ತು. ಅದರ ಮುಂದೆ ದಪ್ಪ ಮೀಸೆಯವರೊಬ್ಬರು ಮುಖ ಒರೆಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಇಕ್ಕಳ ಹಿಡಿದು, ನಗು ತಡೆಯಲಾರದೆ ಬೈಯುತ್ತಿದ್ದರು.

"ಎರಡು ಬೆರಳು ಅಂದ್ರೆ ಎರಡೇ ಬೆರಳು! ಮೊದ್ಲು ಮುಚ್ಚಳ ಅಷ್ಟೇ ಎತ್ತಿ, ಒಳಗೆ ಗಾಳಿ ಹೋಗ್ಲಿ, ಆಮೇಲೆ ಪೂರ್ತಿ ತೆಗೀರಿ, ಇಲ್ದಿದ್ರೆ ಉರಿ ಮುಖಕ್ಕೇ ಹಾರತ್ತೆ ಅಂತ ಎಷ್ಟು ಸಲ ಬಡ್ಕೊಳ್ಳೋದು?"

"ಮೀಸೆ ಉಳೀತಲ್ಲ, ಬಿಡೆ."

"ಹುಬ್ಬಿಲ್ಲದ ಮೀಸೆ ಯಾರಿಗೆ ಬೇಕು? ನಾಳೆ ನಿಮ್ಮ ಮುಖ ನೋಡಿದ ಜನ ಲಿಫ್ಟೇ ಬೇಡ ಅಂತ ಮೆಟ್ಲು ಹತ್ತುತ್ತಾರೆ."

ಅವರು ಲಿಫ್ಟ್ ರಿಪೇರಿಯವರು. ಕಟ್ಟಡದಲ್ಲಿ ಎಲ್ಲರಿಗೂ ಲಿಫ್ಟಣ್ಣ. ಹೆಂಡತಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದವರು. ಹೋಟೆಲು ಮುಚ್ಚಿದಾಗ ಅಲ್ಲಿನ ಸಾಮಾನುಗಳಲ್ಲಿ ಆಕೆ ಬಯಸಿದ್ದು ಇದೊಂದನ್ನೇ: ಪಿಂಗಾಣಿಯ ಇದ್ದಿಲೊಲೆ. ನೂರು ಕಿಲೋ ಭಾರ. ಅದು ಬಂದಿಳಿದ ದಿನ ನಮ್ಮ ಕಟ್ಟಡದ ಲಿಫ್ಟೇ ಕೆಟ್ಟು ನಿಂತಿತ್ತಂತೆ. "ನನ್ನ ಸರ್ವೀಸಲ್ಲಿ ಅಷ್ಟು ಬೇಗ ಯಾವ ಲಿಫ್ಟೂ ರಿಪೇರಿ ಆಗಿಲ್ಲ ಮೇಷ್ಟ್ರೇ" ಎಂದು ಅವರು ಹೇಳಿಕೊಂಡು ನಗುತ್ತಿದ್ದರು.

ಮಕ್ಕಳಿರಲಿಲ್ಲ. ಇಬ್ಬರಿಗೆ ಎಂಟು ಜನರ ಒಲೆ. ಇಪ್ಪತ್ತು ವರ್ಷ ಪ್ರತಿ ಭಾನುವಾರವೂ ಅದು ಉರಿಯಿತು. ಸುಟ್ಟ ಜೋಳದ ಒಂದು ತೆನೆ ತಪ್ಪದೆ ನನ್ನ ಪಾಲಿಗೆ ಬರುತ್ತಿತ್ತು. ಆ ಬೆಂಕಿಗೆ ಆಕೆ ಎಂದೂ ನೀರು ಹಾಕಿದವರಲ್ಲ, ಹಾಕಿದರೆ ಪಿಂಗಾಣಿ ಬಿರುಕು ಬಿಡುತ್ತದೆ. ಕೆಳಗಿನ ಗಾಳಿಕಿಂಡಿ, ಮೇಲಿನ ಗಾಳಿಕಿಂಡಿ ಎರಡನ್ನೂ ಮುಚ್ಚಿಬಿಡುವರು. ಬೆಂಕಿ ತಾನಾಗಿ ಆರುತ್ತಿತ್ತು, ಇದ್ದಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನ ವಾರ ಬೂದಿ ಕೊಡವಿ, ಆ ಅರ್ಧ ಉರಿದದ್ದರ ಮೇಲೆಯೇ ಹೊಸದನ್ನು ಸುರಿಯುವರು. "ಹಳೇದಿದ್ರೆ ಹೊಸದು ಬೇಗ ಹತ್ಕೊಳ್ಳತ್ತೆ ಮೇಷ್ಟ್ರೇ" ಎನ್ನುವರು.

ಒಂದು ಭಾನುವಾರ ಹಾಗೆಯೇ ಕಿಂಡಿ ಮುಚ್ಚಿ ಇಳಿದು ಬಂದರು. ಬುಧವಾರ ಎದೆನೋವೆಂದರು. ಶುಕ್ರವಾರ ಆಕೆ ಇರಲಿಲ್ಲ.

ಲಿಫ್ಟಣ್ಣ ಒಲೆಗೆ ಟಾರ್ಪಾಲು ಹೊದಿಸಿದರು. ಮೂರು ವರ್ಷ ಹಚ್ಚಲಿಲ್ಲ. ಆದರೆ ಭಾನುವಾರ ತಪ್ಪದೆ ತಾರಸಿಗೆ ಹೋಗಿ, ಟಾರ್ಪಾಲು ಸರಿಸಿ, ಒಲೆಯ ಮೈ ಒರೆಸಿ, ಕುರ್ಚಿಯಲ್ಲಿ ಅಷ್ಟು ಹೊತ್ತು ಕುಳಿತು ಬರುವರು. "ಒಂದು ದಿನ ಹಚ್ಚಿ, ಜೋಳ ನಾನು ತರ್ತೀನಿ" ಎಂದೆ ಒಮ್ಮೆ. "ಒಳಗೆ ಇದ್ದಿಲಿದೆ ಮೇಷ್ಟ್ರೇ" ಎಂದರು, ಅಷ್ಟೆ. ನನಗೆ ಅರ್ಥವಾಗಲಿಲ್ಲ.

ಆಮೇಲೆ ತಾರಸಿ ಸೋರತೊಡಗಿತು. ದುರಸ್ತಿಗಾಗಿ ಎಲ್ಲ ಸಾಮಾನನ್ನೂ ಹಿತ್ತಲಿಗೆ ಇಳಿಸಬೇಕೆಂದು ನೋಟೀಸು ಅಂಟಿಸಿದರು. ಒಳಗಿನದನ್ನೆಲ್ಲ ಖಾಲಿ ಮಾಡದೆ ಒಲೆಯನ್ನು ಅಲುಗಿಸುವಂತಿರಲಿಲ್ಲ. ಕಟ್ಟಡದ ಕಾರ್ಯದರ್ಶಿ ಒಳ್ಳೆಯ ಮನುಷ್ಯ.

"ನೀವ್ಯಾಕೆ ಕೈ ಮಸಿ ಮಾಡ್ಕೊಳ್ತೀರಾ ಲಿಫ್ಟಣ್ಣ? ಆ ಕರಿ ಚೂರೆಲ್ಲ ವಾಚ್‌ಮನ್ ಹತ್ರ ಗಿಡದ ಬುಡಕ್ಕೆ ಹಾಕಿಸ್ತೀನಿ ಬಿಡಿ."

"ಅದಕ್ಕೆ ಯಾರೂ ಕೈ ಹಚ್ಚಬೇಡಿ!"

ಅವರ ಗಟ್ಟಿದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಸಂಜೆ ನನ್ನ ಕೋಣೆಗೆ ಬಂದು ಕುಳಿತರು. ಕೊಟ್ಟ ಚಹಾ ಆರಿಹೋಯಿತು.

"ಅದು ಅವಳು ಹಚ್ಚಿದ್ದು ಮೇಷ್ಟ್ರೇ. ಅರ್ಧ ಅವಳು ಉರಿಸಿದಾಳೆ. ಇನ್ನರ್ಧ ನಾನು ಸುಟ್ಟುಬಿಟ್ರೆ ಆಮೇಲೆ ಏನಿದೆ?"

ನಲವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನು ನಾನು. ಇದಕ್ಕೆ ಮಾತ್ರ ತಿರುಗಿ ಪ್ರಶ್ನೆಯನ್ನೇ ಹಾಕಿದೆ. "ಒಳ್ಳೇ ಇದ್ದಿಲನ್ನ ಮೂರು ವರ್ಷ ಸುಮ್ನೆ ಇಟ್ಟಿದ್ರೆ ಅವರು ಏನಂತಿದ್ರು?" ಎಂದೆ.

"ಬೈತಿದ್ಲು" ಎಂದು ಎದ್ದು ಹೋದರು.

ಮರುದಿನ ಭಾನುವಾರ. ಹಳೆಯದರ ಮೇಲೆ ಹೊಸ ಇದ್ದಿಲು ಸುರಿದು ಹಚ್ಚಿದರಂತೆ. ನಾನು ಜೋಳ ಹಿಡಿದು ತಾರಸಿ ತಲುಪುವಷ್ಟರಲ್ಲಿ ಕೂದಲು ಸುಟ್ಟ ವಾಸನೆ. ಮುಚ್ಚಳವನ್ನು ಒಮ್ಮೆಲೇ ತೆರೆದಿದ್ದರು. ಹುಬ್ಬು ಹೋಗಿತ್ತು. ಅವರು ಮುಖ ಕೂಡ ಒರೆಸಿಕೊಳ್ಳದೆ ಎಡಕ್ಕೆ, ಆಕೆ ಇಕ್ಕಳ ಹಿಡಿದು ನಿಲ್ಲುತ್ತಿದ್ದ ಜಾಗದ ಕಡೆಗೆ, ನೋಡುತ್ತ ನಿಂತಿದ್ದರು.

"ಯಾರೂ ಬೈಲಿಲ್ಲ ಮೇಷ್ಟ್ರೇ."

ನಾನು ಬೈಯಬೇಕೆಂದು ಬಾಯಿ ತೆರೆದೆ. ಬದಲಿಗೆ ತಂದ ಜೋಳವನ್ನು ಅವರ ಕೈಗಿಟ್ಟೆ. ಇಬ್ಬರೂ ಜೋಳ ತಿಂದೆವು. ಕೊನೆಗೆ ಅವರೇ ಎರಡೂ ಕಿಂಡಿ ಮುಚ್ಚಿದರು. ಒಲೆ ತಣ್ಣಗಾದ ಮೇಲೆ, ಉಳಿದ ಇದ್ದಿಲನ್ನು ಒಂದೊಂದಾಗಿ ಆಯ್ದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ತಾವೇ ಕೆಳಗಿಳಿಸಿದರು.

ಈಗ ಒಲೆ ಹಿತ್ತಲಲ್ಲಿ, ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕದಲ್ಲಿದೆ. ಡಬ್ಬಿಯ ಇದ್ದಿಲು ಮತ್ತೆ ಅದರೊಳಗೇ ಸೇರಿದೆ. ಭಾನುವಾರಕ್ಕೊಮ್ಮೆ ಹಚ್ಚುತ್ತಾರೆ. ಪ್ರತಿ ಸಲವೂ ಒಂದಿಷ್ಟು ಉಳಿಯುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ. "ಅವಳದ್ಯಾವುದು, ನಂದ್ಯಾವುದು ಅಂತ ಈಗ ಗೊತ್ತಾಗಲ್ಲ" ಎನ್ನುತ್ತಾರೆ. ಎಂಟು ಜನರ ಒಲೆಯಲ್ಲಿ ಒಂದೇ ಬದನೆಕಾಯಿ ಸುಡುತ್ತದೆ. ಮಂಡಿನೋವಿನಿಂದ ನನಗೆ ಈಚೆಗೆ ಇಳಿಯಲಾಗದು. ಲಿಫ್ಟು ಮತ್ತೆ ಕೆಟ್ಟಿದೆ, ರಿಪೇರಿಯವರು ನಿವೃತ್ತರಾಗಿದ್ದಾರೆ. ಕಿಟಕಿಯಿಂದ ನೋಡುತ್ತೇನೆ. ಅವರು ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿ ನಿಲ್ಲುತ್ತಾರೆ. ಗಾಳಿ ಒಳಗೆ ಹೋಗಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತು, ಎಡಕ್ಕೊಮ್ಮೆ ನೋಡಿ, ಆಮೇಲೆ ತೆರೆಯುತ್ತಾರೆ.