ಮರಳಪ್ಪ ಸಾಕಿದ ಲೋಳೆ

ಊರಿಗೆಲ್ಲ ಕುಡಿಯುವ ನೀರು ಸೋಸಿ ಕೊಡುವವನ ನಿಜ ಹೆಸರು ಎಲ್ಲರಿಗೂ ಮರೆತುಹೋಗಿ ಅವನು ಬರೀ ಮರಳಪ್ಪನಾಗಿದ್ದ. ಕೆರೆಯ ಕೆಳಗೆ ಎರಡು ದೊಡ್ಡ ತೊಟ್ಟಿಗಳು, ಒಳಗೆ ಎದೆಮಟ್ಟದ ಮರಳು, ಮರಳಿನ ಮೇಲೆ ನೀರು. ಆ ನೀರು ತನ್ನ ಪಾಡಿಗೆ ತಾನು ನಿಧಾನವಾಗಿ ಇಳಿದು, ಅಡಿಯ ಕೊಳವೆ ಸೇರಿ, ಊರಿನ ನಲ್ಲಿಗಳಿಗೆ ಹೋಗುತ್ತಿತ್ತು. ಮರಳಪ್ಪನೂ ಅದೇ ಸ್ವಭಾವದವನು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಜೋಡಿಸಿಕೊಂಡೇ ಹೊರಗೆ ಬರುವ ಜಾತಿ.

ಅವನ ಕಸುಬಿನ ಗುಟ್ಟೆಲ್ಲ ಮರಳಿನ ಮೇಲೆ ಬೆಳೆಯುವ ಕಂದುಹಸಿರು ಲೋಳೆಯಲ್ಲಿತ್ತು. ನೋಡಿದವರಿಗೆ ಅಸಹ್ಯ, ಆದರೆ ಅದು ಜೀವವಿರುವ ಪದರ. ಕೆರೆಗೆ ದನ ಇಳಿಯುತ್ತವೆ, ಮಕ್ಕಳು ಈಜು ಹೊಡೆಯುತ್ತಾರೆ. ಅಲ್ಲಿಂದ ಬರುವ ಕೆಲವು ಪರೋಪಜೀವಿಗಳು ಕಣ್ಣಿಗೆ ಕಾಣುವುದಿಲ್ಲ, ಗಟ್ಟಿ ಚಿಪ್ಪು ಹೊದ್ದಿರುತ್ತವೆ, ಕ್ಲೋರಿನ್ ಹಾಕಿದರೆ ಕ್ಯಾರೇ ಅನ್ನುವುದಿಲ್ಲ. ಅವನ್ನು ಹಿಡಿದು ನುಂಗಿಹಾಕುವುದು ಈ ಲೋಳೆಯೇ. ಅದು ತೀರಾ ದಪ್ಪವಾದಾಗ ಮೇಲಿಂದ ತೆಳ್ಳಗೆ ಕೆರೆದು, ಮತ್ತೆ ಬೆಳೆಯುವವರೆಗೆ ಆ ತೊಟ್ಟಿಯ ನೀರನ್ನು ಚರಂಡಿಗೆ ಬಿಡಬೇಕು.

ಅವನ ಹೆಂಡತಿಗೆ ಮಾತ್ರ ಕೊಳೆಯೆಂದರೆ ಹಗೆ. ಅವರ ಮನೆಗೆ ನೊಣವೂ ಕಾಲು ಒರೆಸಿಕೊಂಡು ಬರುತ್ತದೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಊರಿಗೆ ನೀರು ಕೊಡುವ ತೊಟ್ಟಿಯನ್ನು ಹೀಗಾ ಇಟ್ಟುಕೊಳ್ಳುವುದು ಎಂದು ಆಕೆ ಚುಚ್ಚಿದಾಗಲೆಲ್ಲ ಇವನು ನಕ್ಕು ಸುಮ್ಮನಾಗುತ್ತಿದ್ದ. ಹೆಂಡತಿಗೆ ಎಲ್ಲ ತಾನಾಗಿಯೇ ಗೊತ್ತಿರುತ್ತದೆ ಅಂದುಕೊಳ್ಳುವುದು ಗಂಡಸರಿಗಿರುವ ಹಳೆಯ ಕಾಯಿಲೆ, ಅದಕ್ಕೆ ಮದ್ದಿಲ್ಲ.

ಹರ್ನಿಯಾ ಆಪರೇಷನ್‌ಗೆ ಆಸ್ಪತ್ರೆ ಸೇರುವಾಗ ಅವನು ತೊಟ್ಟಿಗಳನ್ನು ಹೆಂಡತಿಯ ತಮ್ಮನಿಗೆ ಒಪ್ಪಿಸಿದ್ದ. ವಾಪಸು ಬಂದ ದಿನ ಅಕ್ಕ ತಮ್ಮ ಇಬ್ಬರೂ ಅವನನ್ನು ಮನೆಗೂ ಬಿಡದೆ ನೇರ ಅಲ್ಲಿಗೇ ಕರೆದೊಯ್ದರು. ಒಂದು ತೊಟ್ಟಿಯ ಲೋಳೆಯನ್ನೆಲ್ಲ ಬಾಚಿ ಎಸೆದು, ಮೇಲಿನ ಮರಳನ್ನು ಬುಟ್ಟಿ ಬುಟ್ಟಿಯಾಗಿ ತೊಳೆದು, ಮತ್ತೆ ಹಾಸಿ ನೀರು ತುಂಬಿಸಿದ್ದರು. ಮರಳು ಫಳಫಳ ಹೊಳೆಯುತ್ತಿತ್ತು. ನಿನ್ನೆ ಬೆಳಗಿನಿಂದ ಊರಿಗೆ ಇದೇ ನೀರು ಹೋಗುತ್ತಿದೆ ಎಂದು ತಮ್ಮ ಹೆಮ್ಮೆಯಿಂದ ಹೇಳಿದ. ಹೆಂಡತಿ ಚರ್ಮ ಸುಲಿದ ಅಂಗೈಗಳನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡು ಗಂಡನ ಬಾಯಿಂದ ಬರುವ ಮೆಚ್ಚುಗೆಗೆ ಕಾದು ನಿಂತಿದ್ದಳು.

ಮರಳಪ್ಪನಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಸುಮ್ಮನೆ ವಾಲ್ವ್ ತಿರುಗಿಸಿ ನೀರನ್ನು ಚರಂಡಿಗೆ ಬಿಟ್ಟು ಏನಾದರೂ ನೆಪ ಹೇಳಬಹುದಿತ್ತು. ಆದರೆ ಹೋದ ನೀರು ಆಗಲೇ ಮನೆಮನೆಯ ಕೊಡದಲ್ಲಿದೆ. ಕುದಿಸಿ ಕುಡಿಯಿರಿ ಅಂದರೆ ಯಾಕೆ ಅನ್ನುತ್ತಾರೆ. ಹೇಳಿದರೆ ಊರೆದುರು ಇವಳ ಮಾನ ಹೋಗುತ್ತದೆ. ಹೇಳದಿದ್ದರೆ ಯಾರದೋ ಎಳೆಗೂಸಿನ ಹೊಟ್ಟೆ ಕೆಡುತ್ತದೆ. ಅವನು ಕಟ್ಟೆಯ ಮೇಲೆ ಕೂತು ಮೊದಲು ಅವಳ ಕೈ ಹಿಡಿದುಕೊಂಡ.

"ಇಷ್ಟು ಚೆನ್ನಾಗಿ ನಾನು ಯಾವತ್ತೂ ತೊಳೆದಿಲ್ಲ," ಎಂದ. "ಆದ್ರೆ ನೀರು ಸೋಸ್ತಾ ಇದ್ದದ್ದು ಆ ಲೋಳೇನೇ ಕಣೆ. ನಾನೇ ನಿಂಗೆ ಹೇಳಬೇಕಾಗಿತ್ತು."

ತಮ್ಮ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ. ಅವನನ್ನು ತಡೆದು ವಾಲ್ವ್ ತಿರುಗಿಸಲು ಕಳಿಸಿದ್ದಾಯಿತು. ಸದ್ಯಕ್ಕೆ ಇನ್ನೊಂದು ತೊಟ್ಟಿಯ ನೀರಿನಲ್ಲೇ ಊರು ಸುಧಾರಿಸಬೇಕು. ಹೆಂಡತಿಯ ಕಣ್ಣು ತುಂಬಿ ಬಂತು. ನಾನೇ ಏನೋ ಎಡವಟ್ಟು ಮಾಡಿದೆನೆಂದು ಊರಿಗೆ ಹೇಳಿಬಿಡುತ್ತೇನೆ, ನಿನ್ನ ಸುದ್ದಿಯೇ ಬರುವುದಿಲ್ಲ ಎಂದು ಮರಳಪ್ಪ ಸಮಾಧಾನ ಮಾಡಿದ.

ಆಕೆ ಮೊಣಕೈಯಿಂದ ಕಣ್ಣೊರೆಸಿಕೊಂಡಳು. "ನೀವು ಮನೆಗೆ ಹೋಗಿ ಮಲಗಿ. ತೊಳೆದೋಳು ನಾನು, ಹೇಳೋಳೂ ನಾನೇ."

ಅವನು ಮಲಗಲಿಲ್ಲ, ಸ್ವಲ್ಪ ದೂರದಲ್ಲಿ ಹಿಂಬಾಲಿಸಿ ನೋಡಿದ. ಆಕೆ ಒಂದೊಂದೇ ಬಾಗಿಲು ತಟ್ಟಿ, ತೊಟ್ಟಿಯನ್ನು ಅತಿಯಾಗಿ ತೊಳೆದು ಕೆಡಿಸಿದೆ, ನೀರು ಕುದಿಸಿ ಕುಡಿಯಿರಿ ಎಂದು ಹೇಳುತ್ತಾ ಹೋದಳು. ಕೆಲವರು ಬೈದರು. ನಿಮ್ಮ ತೊಳೆಯುವ ಹುಚ್ಚು ನಮ್ಮ ಹೊಟ್ಟೆಯವರೆಗೂ ಬಂತಲ್ಲ ಎಂದು ದರ್ಜಿ ನಕ್ಕ. ಆಕೆ ಅದನ್ನೂ ಕೇಳಿಸಿಕೊಂಡು ಮುಂದಿನ ಬಾಗಿಲಿಗೆ ನಡೆದಳು. ಒಂದು ಮನೆಯಲ್ಲಿ ಎಳೆಯ ತಾಯಿಯೊಬ್ಬಳು ಕೂಸಿನ ಬಾಟಲಿಗೆ ನಲ್ಲಿ ನೀರು ಹಾಕುತ್ತಿದ್ದಳು. ಮರಳಪ್ಪನ ಹೆಂಡತಿ ಆ ಬಾಟಲಿ ಇಸಿದುಕೊಂಡು, ಬೇರೆ ನೀರು ಕುದಿಸಿ ಆರಿಸಿ, ಕೂಸು ಕುಡಿದು ಮುಗಿಸುವವರೆಗೆ ಅಲ್ಲೇ ಕೂತಳು. ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಈ ವಯಸ್ಸಿನಲ್ಲಿ ಇದೇನಪ್ಪಾ ಎಂದು ನಾಚಿಕೆಯೂ ಆಯಿತು.

ಕೊನೆಗೆ ಕಾಯಿಲೆ ಬಿದ್ದವನು ದರ್ಜಿ ಒಬ್ಬನೇ. ಅವನ ಹೊಟ್ಟೆ ಕೆಡುವುದಕ್ಕೆ ನೀರೇ ಆಗಬೇಕೆಂದಿಲ್ಲ ಎಂದು ಅವನ ಹೆಂಡತಿಯೇ ಹೇಳಿದಳು.

ಅಂದಿನಿಂದ ಸಂಜೆ ಹೊತ್ತು ಆಕೆಯೂ ತೊಟ್ಟಿಗೆ ಬರತೊಡಗಿದಳು. ತಾನು ತೊಳೆದ ಮರಳನ್ನು ಬಗ್ಗಿ ಬಗ್ಗಿ ನೋಡುವಳು, ಲೋಳೆಯ ಸುಳಿವೂ ಕಾಣದೆ ಪೆಚ್ಚಾಗಿ ಮನೆಗೆ ಹೋಗುವಳು. ಹೀಗೇ ವಾರಗಳು ಕಳೆದ ಮೇಲೆ ಒಂದು ಸಂಜೆ ಕಟ್ಟೆಯ ಆ ತುದಿಯಿಂದ ಅವಳ ಕೂಗು ಕೇಳಿಸಿತು.

"ರೀ, ಬೇಗ ಬನ್ನಿ. ಗಲೀಜಾಗ್ತಾ ಇದೆ."

ಜನ್ಮದಲ್ಲಿ ಅವಸರ ಮಾಡದ ಮರಳಪ್ಪ ಅವತ್ತು ಓಡಿದ.