ಅರ್ಧಕ್ಕಿಳಿಸಿದ ನೀರು

ಫಳ್ನೀರು ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿ ಗೋಡೆಯಾಚೆ ಒಂದು ಹಂಚಿನ ಮನೆಯಿದೆ. ಸುತ್ತ ಇಷ್ಟು ಕಟ್ಟಡ ಎದ್ದರೂ ಅದೊಂದು ಉಳಿದಿದ್ದರೆ ಅದಕ್ಕೆ ಝೈನಬಕ್ಕನ ಹಟವೇ ಕಾರಣ. ಜಾಗ ಕೇಳಿಕೊಂಡು ಬಂದ ಬಿಲ್ಡರುಗಳಿಗೆಲ್ಲ ಚಹಾ ಕೊಟ್ಟು, ಅಂಗಳದ ಬಾವಿ ತೋರಿಸಿ, "ಇದನ್ನು ಎಷ್ಟನೇ ಮಾಳಿಗೆಯಲ್ಲಿ ಇಡ್ತೀರಿ?" ಎಂದು ಕೇಳಿ ವಾಪಸು ಕಳುಹಿಸಿದವರು ಅವರು.

ಆ ಬಾವಿಯೆಂದರೆ ಅವರಿಗೆ ಜೀವ. ಗಂಡ ಸುಲೈಮಾನ್ ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದವರು, ಮದುವೆಯಾದ ವರ್ಷ ನೆಲದ ಕೆಂಪು ಮುರಕಲ್ಲು ಕಡಿಸಿ ತೋಡಿಸಿದ್ದು. ಅವರು ತೀರಿಹೋಗಿ ಹನ್ನೆರಡು ವರ್ಷವಾಯಿತು. ಏಪ್ರಿಲಿನಲ್ಲಿ ನಲ್ಲಿ ಕೈಕೊಟ್ಟಾಗ ಇಡೀ ಓಣಿ ಕೊಡ ಹಿಡಿದು ಅಲ್ಲಿ ನಿಲ್ಲುತ್ತಿತ್ತು. ಝೈನಬಕ್ಕನದು ಒಂದೇ ನಿಯಮ: ಮೊದಲು ಒಂದು ಲೋಟ ಕುಡಿಯಬೇಕು, "ಸಿಹಿ ಉಂಟು" ಎನ್ನಬೇಕು, ಆಮೇಲೆ ತುಂಬಿಸಿಕೊಳ್ಳಬೇಕು. ನಾನೂ ಕುಡಿದು ಹೇಳಿದವಳೇ.

ನಾನು ಪ್ರಭಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಸಾರಜನಕದ ಚಕ್ರ ಬರೆದಿದ್ದೇನೆ. ಗಾಳಿಯಿಂದ ಮಣ್ಣಿಗೆ ಒಂದು ಬಾಣ, ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ದನಕ್ಕೆ, ದನದ ಸೆಗಣಿ ಗಂಜಲದಿಂದ ಪುನಃ ಮಣ್ಣಿಗೆ, ಅಲ್ಲಿಂದ ಗಾಳಿಗೆ. ಬಹಳ ಅಚ್ಚುಕಟ್ಟಾದ ಚಿತ್ರ. ಅದರಲ್ಲಿ ನಲವತ್ತೆಂಟು ಫ್ಲ್ಯಾಟುಗಳ ಕಕ್ಕಸು ನೀರು ಇಂಗುವ ಗುಂಡಿ ಮಾತ್ರ ಇರಲಿಲ್ಲ. ನಮ್ಮದು ಗೋಡೆಯ ಈಚೆ ಇದೆ, ಅವರ ಬಾವಿಯಿಂದ ಮೂವತ್ತು ಹೆಜ್ಜೆ.

ಕಳೆದ ವರ್ಷ ಝೈನಬಕ್ಕನ ಸೊಸೆ ನಜ್ಲಾ ಹೆತ್ತಳು. ಹೆಣ್ಣು ಮಗು, ಮರ್ವಾ. ಮಗ ನವಾಝ್ ಕೊಲ್ಲಿ ದೇಶದ ದಮ್ಮಾಮಿನಲ್ಲಿ ದುಡಿಯುತ್ತಿದ್ದ. ತಾಯಿಯ ಹಾಲು ಸಾಲದೆ ಡಬ್ಬಿಯ ಹಾಲಿನ ಪುಡಿ ಬಂತು, ಪುಡಿಯ ಜೊತೆಗೆ ಜಗಳವೂ ಬಂತು. ನಜ್ಲಾ ಬಾಟಲಿ ನೀರು ತರಿಸೋಣ ಎಂದಳು. "ನವಾಝ್ ಕುಡಿದು ಬೆಳೆದದ್ದು ಎಂತ, ಬಾಟಲಿಯದ್ದಾ?" ಎಂದು ಝೈನಬಕ್ಕ ಕೆರಳಿದರು. ಮರುದಿನ ಗೋಡೆಯ ಹತ್ತಿರ ನಿಂತು ನನ್ನನ್ನು ಕರೆದರು.

"ಟೀಚರ್, ನೀವು ಓದಿದವರು. ಮಗುವಿಗೆ ನೀರು ಎಷ್ಟು ಕುದಿಸಬೇಕು?"

"ಚೆನ್ನಾಗಿ ಕುದಿಸಿ ಝೈನಬಕ್ಕ. ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು," ಎಂದೆ. ಒಗೆದ ಬಟ್ಟೆ ಹಿಂಡುತ್ತಿದ್ದೆ. ತಿರುಗಿ ಕೂಡ ನೋಡಲಿಲ್ಲ.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದರು. ದಿನಾ ಎರಡು ಪಾತ್ರೆ ನೀರು ಒಂದು ಪಾತ್ರೆಯಾಗುವವರೆಗೆ ಒಲೆಯ ಮುಂದೆ ನಿಂತರು. ಮೂರು ವಾರದಲ್ಲಿ ಮಗುವಿನ ತುಟಿ, ಉಗುರು ನೀಲಿಗಟ್ಟಿತು. ಶೀತವೆಂದು ಎಣ್ಣೆ ಹಚ್ಚಿದರು. ಅಳುವುದಕ್ಕೂ ತ್ರಾಣವಿಲ್ಲದಾದಾಗ ಆಸ್ಪತ್ರೆಗೆ ಓಡಿದರು. ಸೂಜಿಗೆ ಬಂದ ರಕ್ತ ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿತ್ತಂತೆ. ಡಾಕ್ಟರು ಮೊದಲು ಕೇಳಿದ್ದೇ, "ಹಾಲು ಯಾವ ನೀರಿನಲ್ಲಿ ಕಲಸ್ತೀರಿ?"

ನೀರಿನ ಪರೀಕ್ಷೆಯಲ್ಲಿ ನೈಟ್ರೇಟು ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಬಂತು. ನಮ್ಮ ಮಲಮೂತ್ರದ ಸಾರಜನಕವೇ ಮಣ್ಣಿನೊಳಗೆ ನೈಟ್ರೇಟಾಗಿ, ಮುರಕಲ್ಲಿನ ತೂತುಗಳಲ್ಲಿ ಇಳಿದು ಬಾವಿ ಸೇರಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರಿಗೆ ಏನೂ ತಿಳಿಯುವುದಿಲ್ಲ, ಎಳೆಯ ಮಗುವಿನ ರಕ್ತಕ್ಕೆ ಮಾತ್ರ ಉಸಿರಿನ ಆಮ್ಲಜನಕ ಹೊರಲು ಬಿಡುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಸಾರು ಬತ್ತಿದರೆ ಉಪ್ಪಾಗುತ್ತದೆಂದು ಅಡುಗೆ ಮಾಡುವ ಯಾರಿಗೂ ಗೊತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ ನನಗೆ ಅದು ಹೊಳೆಯಲಿಲ್ಲ. ನನ್ನ ಓದಿಗಿಷ್ಟು ಬೆಂಕಿ ಬೀಳಲಿ.

ಮಗು ಉಳಿಯಿತು. ಆದರೆ ನಜ್ಲಾ ಆಸ್ಪತ್ರೆಯಿಂದ ನೇರ ಬೋಳಾರದ ತವರಿಗೆ ಹೋದಳು. "ಮಾಮಿಗೆ ಮಗುವಿಗಿಂತ ಬಾವಿ ದೊಡ್ಡದಾಯ್ತು," ಎಂದು ಅತ್ತೆಯ ಬಗ್ಗೆ ಹೇಳಿದಳಂತೆ. ಎಂಟು ತಿಂಗಳಾದರೂ ಬರಲಿಲ್ಲ, ಮಗುವನ್ನು ತೋರಿಸಲೂ ಇಲ್ಲ. ನಾನು ಎಂಟು ತಿಂಗಳೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಹೇಡಿತನಕ್ಕೆ ಬೇರೆ ಹೆಸರು ಇಟ್ಟುಕೊಳ್ಳುವುದಿಲ್ಲ.

ಹೋದ ವಾರ ತಡೆಯಲಾರದೆ ನಜ್ಲಾಳಿಗೆ ಫೋನ್ ಮಾಡಿ, ಅರ್ಧಕ್ಕೆ ಇಳಿಸಲು ಹೇಳಿದ್ದು ನಾನು ಎಂದೆ. ಅವಳು "ಮಾಮಿಯ ಹತ್ರ ಕೇಳ್ತೇನೆ," ಎಂದಳು. ಸಂಜೆ ಅವಳದೇ ಫೋನ್ ಬಂತು. "ಟೀಚರ್, ನೀವು ಕನಿಕರಕ್ಕೆ ಸುಳ್ಳು ಹೇಳುದಂತೆ. ಕುದಿಸಿದ್ದು ಅವರದೇ ಬುದ್ಧಿಯಂತೆ."

ನಾನು ಚಪ್ಪಲಿ ಮೆಟ್ಟಿಕೊಂಡು ಹೋದೆ. ಬಾವಿಯ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಝೈನಬಕ್ಕ ಜಗಲಿಯ ಕಟ್ಟೆಯಲ್ಲಿ ಕೂತಿದ್ದರು.

"ಯಾಕೆ ಹಾಗೆ ಹೇಳಿದ್ರಿ? ನಾನು ಹೇಳಿದ್ದು ನಿಮಗೆ ನೆನಪಿಲ್ವಾ?"

"ನೆನಪುಂಟು ಟೀಚರ್. ಡಾಕ್ಟರ್ ಕೇಳುವಾಗಲೇ ನಿಮ್ಮ ಹೆಸರು ಬಾಯಿಗೆ ಬಂದಿತ್ತು." ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. "ಆದ್ರೆ ನೀವು ಹೇಳಿದ್ರಿ ಅಂತ ನಾನು ಕುದಿಸಿದ್ದಲ್ಲ. ನನಗೆ ನಜ್ಲಾನ ಎದುರು ಬಾವಿ ಗೆಲ್ಲಬೇಕಿತ್ತು. ಆ ತಪ್ಪು ನನ್ನದೇ. ನಿಮಗೆ ಕೊಡುದಿಲ್ಲ."

ನನಗೆ ಅಳು ಬಂತು. ಅವರು ಎದ್ದು ಒಳಗೆ ಹೋದರು. ಬಾಟಲಿಯಿಂದ ನೀರು ಬಗ್ಗಿಸುವ ಸದ್ದು ಕೇಳಿತು. ಲೋಟ ತಂದು ಕೈಗೆ ಕೊಟ್ಟರು. ನಾನು ಕುಡಿದೆ. ಸಿಹಿ ಉಂಟಾ ಎಂದು ಅವರು ಕೇಳಲಿಲ್ಲ.